ಮ್ಯಾಪ್ ಅರ್ಧ ಬೂದು, ಮರಗಳು ಸಮುದ್ರದಲ್ಲಿ: ಎಲ್ಲಿಂದ ಹುಡುಕಲಿ?

ಪ್ರಶ್ನೆ: ನಾವು ಕೆಲವರು ಸೇರಿ ಮರಗಳ ಸರ್ವೆ ಮಾಡಿದ್ದೇವೆ. ಸುಮಾರು 6,000 ಮರ. ಎಕ್ಸೆಲ್ ಹಾಳೆಯನ್ನು ಜಿಯೋಜೇಸನ್ (ಸ್ಥಳದ ಮಾಹಿತಿ ಇಡುವ ಪಠ್ಯ ರೂಪದ) ಫೈಲ್ ಮಾಡಿ, ವೆಬ್ ಪುಟದಲ್ಲಿ ಮ್ಯಾಪ್ ತೋರಿಸುವ ಲೀಫ್‌ಲೆಟ್ ಲೈಬ್ರರಿ ಬಳಸಿ ಮ್ಯಾಪ್ ಕಟ್ಟಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮ್ಯಾಪ್ ಚೆನ್ನಾಗೇ ಕಾಣುತ್ತಿತ್ತು. ಸರ್ವರ್‌ಗೆ ಹಾಕಿದ ಮೇಲೆ ಅರ್ಧ ಮ್ಯಾಪ್ ಬೂದು ಬಣ್ಣ. ಈಗ ಗಮನಿಸಿದರೆ ಒಂದಷ್ಟು ಮರಗಳು ಸಮುದ್ರದಲ್ಲಿವೆ. ಫೋನ್‌ನಲ್ಲಿ 'ನಾನಿರುವ ಜಾಗ' ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಅದೇ ಹಾಳೆಯನ್ನು ಸಿಎಸ್‌ವಿ ಫೈಲಾಗಿ ಉಳಿಸಿ, ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಒಂದು ವಾರದಿಂದ ಕೋಡ್ ತಿದ್ದುತ್ತಲೇ ಇದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಕೋಡ್ ತಿದ್ದುವುದನ್ನು ನಿಲ್ಲಿಸಿ. ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ನಾಲ್ಕು. ನಾಲ್ಕಕ್ಕೂ ಕಾರಣ ಬೇರೆ ಬೇರೆ. ಎಲ್ಲವನ್ನೂ ಒಟ್ಟಿಗೆ ಹಿಡಿದು ಎಳೆದರೆ ಗಂಟು ಇನ್ನೂ ಬಿಗಿಯುತ್ತದೆ.

ಮ್ಯಾಪ್‌ಗೆ ಒಂದು ಸ್ವಭಾವ ಇದೆ. ಅದು ಕೊಟ್ಟ ಅಂಕಿಯನ್ನು ಹಾಗೇ ನಂಬುತ್ತದೆ. ಬೇರೆ ಸಾಫ್ಟ್‌ವೇರ್ ಆದರೆ ತಪ್ಪು ಕೊಟ್ಟಾಗ ಕೆಂಪು ಅಕ್ಷರದಲ್ಲಿ ದೂರು ಹೇಳುತ್ತದೆ. ಮ್ಯಾಪ್ ಹಾಗಲ್ಲ. ತಪ್ಪು ಅಂಕಿ ಕೊಟ್ಟರೆ ತಪ್ಪು ಜಾಗದಲ್ಲಿ ಅಚ್ಚುಕಟ್ಟಾಗಿ ಪಿನ್ ಚುಚ್ಚಿ ಸುಮ್ಮನಾಗುತ್ತದೆ. ಅದಕ್ಕೇ ನನ್ನದೊಂದು ಅಭ್ಯಾಸ ಇದೆ. ನೀವೂ ಮಾಡಿ. ಸರ್ವೆಯಲ್ಲಿ ನೀವೇ ಹೋಗಿ ಕಣ್ಣಾರೆ ನೋಡಿದ ಒಂದು ಮರ ಆರಿಸಿಕೊಳ್ಳಿ. ಉಪಗ್ರಹ ಚಿತ್ರ ಇರುವ ಯಾವುದಾದರೂ ಮ್ಯಾಪ್‌ನಲ್ಲಿ ಆ ಮರ ಹುಡುಕಿ, ಅದರ ಅಕ್ಷಾಂಶ, ರೇಖಾಂಶ ಕಾಗದದ ಮೇಲೆ ಬರೆದಿಡಿ. ಇದು ನಿಮ್ಮ ಸಾಕ್ಷಿ ಮರ. ಮುಂದೆ ಏನೇ ಬದಲಾಯಿಸಿದರೂ ಈ ಒಂದು ಮರ ತನ್ನ ಜಾಗದಲ್ಲಿದೆಯಾ ಅಂತ ನೋಡಿ. ಲೆಕ್ಕ ಸುಲಭವಾಗಲಿ ಅಂತ ಅದು ಅಕ್ಷಾಂಶ 15, ರೇಖಾಂಶ 75ರಲ್ಲಿ ಇದೆ ಅಂದುಕೊಳ್ಳೋಣ.

ಈಗ ಬೂದು ಬಣ್ಣ. ಬ್ರೌಸರ್ ಕಿಟಕಿಯ ಅಂಚು ಹಿಡಿದು ಸ್ವಲ್ಪ ಎಳೆಯಿರಿ, ಕಿಟಕಿ ದೊಡ್ಡದೋ ಚಿಕ್ಕದೋ ಆಗಲಿ. ಬೂದು ಭಾಗ ಕೂಡಲೇ ತುಂಬಿಕೊಂಡಿತಾ? ಹಾಗಾದರೆ ಕಾರಣ ಸಿಕ್ಕಿತು. ಲೀಫ್‌ಲೆಟ್ ಶುರುವಾಗುವಾಗ ತನ್ನ ಡಬ್ಬ, ಅಂದರೆ ಪುಟದಲ್ಲಿ ಮ್ಯಾಪ್ ಕೂರುವ ಜಾಗ, ಎಷ್ಟು ದೊಡ್ಡದು ಅಂತ ಒಮ್ಮೆ ಅಳೆದು ನೆನಪಿಟ್ಟುಕೊಳ್ಳುತ್ತದೆ. ಅಳೆದ ಮೇಲೆ ಡಬ್ಬ ಬೆಳೆದರೆ ಅದಕ್ಕೆ ಗೊತ್ತಾಗುವುದಿಲ್ಲ. ಕಿಟಕಿಯ ಅಳತೆ ಬದಲಾದಾಗ ಮಾತ್ರ ಮತ್ತೆ ಅಳೆಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಫೈಲೂ ಡಿಸ್ಕ್‌ನಿಂದ ತಕ್ಷಣ ಬರುವುದರಿಂದ ಈ ಅಂತರ ಕಾಣುವುದಿಲ್ಲ. ಸರ್ವರ್‌ನಲ್ಲಿ ಸ್ಟೈಲ್ ಫೈಲ್ ತಡವಾಗಿ ಬರುತ್ತದೆ, ಅಥವಾ ಮ್ಯಾಪ್ ಒಂದು ಟ್ಯಾಬ್ ಒಳಗೆ, ಪಾಪ್‌ಅಪ್ ಒಳಗೆ ಅಡಗಿ ಕೂತಿರುತ್ತದೆ. ಅಡಗಿದ ಡಬ್ಬದ ಅಳತೆ ಸೊನ್ನೆ. ಪರಿಹಾರ ಒಂದೇ ಸಾಲು: ಡಬ್ಬ ಕಾಣಿಸಿದ ಮೇಲೆ 'ಇನ್‌ವ್ಯಾಲಿಡೇಟ್‌ಸೈಜ್' ಅನ್ನುವ ಲೀಫ್‌ಲೆಟ್ ಫಂಕ್ಷನ್ ಕರೆಯಿರಿ. ಅರ್ಧ ಸೆಕೆಂಡ್ ಕಾದು ಕರೆಯಿರಿ ಅಂತ ಕೆಲವರು ಹೇಳುತ್ತಾರೆ. ಬೇಡ. ನಿಧಾನದ ನೆಟ್‌ನಲ್ಲಿ ಅರ್ಧ ಸೆಕೆಂಡ್ ಸಾಲುವುದಿಲ್ಲ. ಬ್ರೌಸರ್‌ನಲ್ಲೇ ಇರುವ 'ರೀಸೈಜ್ ಅಬ್ಸರ್ವರ್' ಅನ್ನು ಡಬ್ಬಕ್ಕೆ ಕಟ್ಟಿ, ಡಬ್ಬದ ಅಳತೆ ಬದಲಾದಾಗಲೆಲ್ಲ ಆ ಫಂಕ್ಷನ್ ಓಡುವಂತೆ ಮಾಡಿ.

ಕಿಟಕಿ ಎಳೆದರೂ ಬೂದು ಹಾಗೇ ಇದ್ದರೆ ವಿಷಯ ಬೇರೆ. ಎಫ್12 ಒತ್ತಿ, 'ನೆಟ್‌ವರ್ಕ್' ಅನ್ನುವ ಭಾಗ ತೆರೆಯಿರಿ. ಅಲ್ಲಿ 'ಡಿಸೇಬಲ್ ಕ್ಯಾಶ್' ಗುರುತು ಹಾಕಿ, ಪುಟವನ್ನು ಮತ್ತೆ ಲೋಡ್ ಮಾಡಿ. ಮ್ಯಾಪ್‌ನ ಒಂದೊಂದು ಚೌಕವೂ ಒಂದೊಂದು ಸಾಲಾಗಿ ಬರುತ್ತದೆ. ಈ ಚೌಕಗಳೇ ಟೈಲ್. ಒಂದು ಟೈಲ್ ಸಾಮಾನ್ಯವಾಗಿ 256 ಪಿಕ್ಸೆಲ್ ಅಗಲ, 256 ಪಿಕ್ಸೆಲ್ ಎತ್ತರ. ವಿಳಾಸದ ಕೊನೆಯಲ್ಲಿ ಮೂರು ಅಂಕಿ ಇರುತ್ತದೆ: ಝೂಮ್, ಎಡದಿಂದ ಬಲಕ್ಕೆ ಎಣಿಸಿದ ಸಂಖ್ಯೆ, ಮೇಲೆ-ಕೆಳಗೆ ಎಣಿಸಿದ ಸಾಲಿನ ಸಂಖ್ಯೆ. ಝೂಮ್ 0ರಲ್ಲಿ ಇಡೀ ಭೂಮಿ ಒಂದೇ ಟೈಲ್. ಪ್ರತಿ ಝೂಮ್‌ಗೂ ಪ್ರತಿ ಟೈಲ್ ನಾಲ್ಕು ಹೋಳಾಗುತ್ತದೆ. ಝೂಮ್ 3ಕ್ಕೆ ಬಂದರೆ ಎಂಟಕ್ಕೆ ಎಂಟು, 64 ಟೈಲ್.

ಬಾರದ ಟೈಲ್‌ನ ಸಾಲು ಕೆಂಪಾಗಿರುತ್ತದೆ. ಅದರ ಸ್ಟೇಟಸ್ ಸಂಖ್ಯೆ ಓದಿ. 404 ಅಂದರೆ ಕೇಳಿದ ವಿಳಾಸದಲ್ಲಿ ಟೈಲ್ ಇಲ್ಲ. 429 ಅಂದರೆ ತುಂಬಾ ಜಾಸ್ತಿ ಕೇಳುತ್ತಿದ್ದೀರಿ. 401 ಅಂದರೆ ಕೀಲಿ (ಟೈಲ್ ಕೊಡುವವರು ನಿಮಗೆ ಕೊಡುವ ಗುರುತಿನ ಪದ) ಕೊಟ್ಟಿಲ್ಲ ಅಥವಾ ಕೊಟ್ಟ ಕೀಲಿ ಸರಿ ಇಲ್ಲ. 403 ಅಂದರೆ ನಿಮಗೆ ಕೊಡುವುದಿಲ್ಲ ಅಂತ ಸರ್ವರ್ ತೀರ್ಮಾನಿಸಿದೆ. ನೀವು ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಟೈಲ್ ಬಳಸುತ್ತಿದ್ದರೆ ಈ 403 ಬಗ್ಗೆ ಸ್ವಲ್ಪ ವಿವರ ಹೇಳಬೇಕು. ಯಾವ ವೆಬ್‌ಸೈಟ್‌ನಿಂದ ಬೇಡಿಕೆ ಬರುತ್ತಿದೆ ಅನ್ನುವ 'ರೆಫರರ್' ಗುರುತು ಇರಬೇಕು ಅಂತ ಅವರ ನಿಯಮವೇ ಇದೆ. ಕೆಲವು ವೆಬ್ ಫ್ರೇಮ್‌ವರ್ಕ್‌ಗಳು ಸುರಕ್ಷತೆ ಅಂತ ಆ ಗುರುತನ್ನು ತಾವಾಗಿಯೇ ತೆಗೆದುಹಾಕುತ್ತವೆ. ಜ್ಯಾಂಗೊ ಅದರಲ್ಲಿ ಒಂದು. ಅದರ 'ರೆಫರರ್ ಪಾಲಿಸಿ' ಸೆಟ್ಟಿಂಗ್ ಬದಲಾಯಿಸಿದರೆ ಟೈಲ್ ಬರುತ್ತದೆ. ಅಲ್ಲಿನ ಟೈಲ್ ಸರ್ವರ್‌ಗಳು ದೇಣಿಗೆಯಿಂದ ನಡೆಯುತ್ತವೆ. ಸಾವಿರಾರು ಟೈಲ್ ಒಟ್ಟಿಗೆ ಇಳಿಸಿಕೊಳ್ಳಬೇಡಿ, ಮ್ಯಾಪ್‌ನ ಮೂಲೆಯಲ್ಲಿ ಅವರ ಹೆಸರು ಅಳಿಸಬೇಡಿ. ಇದನ್ನು ನಾನು ಮನಸ್ಸಿನಿಂದ ಕೇಳಿಕೊಳ್ಳುತ್ತಿದ್ದೇನೆ.

ಟೈಲ್‌ಗಳು ಬಂದಿವೆ, ಆದರೆ ಒಡೆದ ಕನ್ನಡಿಯ ಹಾಗೆ ಚೆಲ್ಲಾಪಿಲ್ಲಿ ಆಗಿವೆ ಅಂದರೆ ಲೀಫ್‌ಲೆಟ್‌ನ ಸಿಎಸ್‌ಎಸ್ ಫೈಲ್, ಅಂದರೆ ಸ್ಟೈಲ್ ಫೈಲ್, ಬಂದಿಲ್ಲ. ಏನೇನೂ ಕಾಣುತ್ತಿಲ್ಲ ಅಂದರೆ ಡಬ್ಬಕ್ಕೆ ಎತ್ತರವೇ ಕೊಟ್ಟಿಲ್ಲ. ಮ್ಯಾಪ್ ಒಂದು ಹಂತದವರೆಗೆ ಝೂಮ್ ಆಗಿ ಆಮೇಲೆ ಬೂದು ಆದರೆ, ಆ ಸರ್ವರ್‌ನಲ್ಲಿ ಅಷ್ಟು ಹತ್ತಿರದ ಟೈಲ್ ಇಲ್ಲ. ಲೀಫ್‌ಲೆಟ್‌ನಲ್ಲಿ 'ಮ್ಯಾಕ್ಸ್ ನೇಟಿವ್ ಝೂಮ್' ಕೊಟ್ಟರೆ ಕೊನೆಯ ಟೈಲನ್ನೇ ಹಿಗ್ಗಿಸಿ ತೋರಿಸುತ್ತದೆ.

ಇನ್ನೊಂದು ಮುಖ ಇದೆ, ಇದನ್ನು ಗುರುತಿಸುವುದು ಕಷ್ಟ. ಎಲ್ಲ ಟೈಲೂ 200, ಅಂದರೆ 'ಸರಿ ಇದೆ' ಅಂತ ಬಂದಿದೆ, ಆದರೂ ಮ್ಯಾಪ್ ತಪ್ಪು. ಹಳೆಯ ಟಿಎಂಎಸ್ ಪದ್ಧತಿಯಲ್ಲಿ ಸಾಲುಗಳನ್ನು ಕೆಳಗಿನಿಂದ ಎಣಿಸುತ್ತಾರೆ, ಈಗ ಎಲ್ಲರೂ ಬಳಸುವ ಪದ್ಧತಿಯಲ್ಲಿ ಮೇಲಿನಿಂದ. ನಮ್ಮ ಸಾಕ್ಷಿ ಮರ ಝೂಮ್ 3ರಲ್ಲಿ ಬೀಳುವ ಟೈಲ್ 3/5/3. ಕೆಳಗಿನಿಂದ ಎಣಿಸಿದರೆ ಅದೇ ಟೈಲ್ 3/5/4. ಎಣಿಕೆ ಅದಲುಬದಲಾದರೆ ಮರದ ಕೆಳಗೆ ಭೂಮಧ್ಯರೇಖೆಯ ಆಚೆ ಬದಿಯ ಹಿಂದೂ ಮಹಾಸಾಗರ ಕಾಣುತ್ತದೆ. ಅಂದರೆ ಮರ ಸರಿಯಾದ ಜಾಗದಲ್ಲೇ ಇದೆ, ನೆಲ ಜಾರಿದೆ. ಲೇಯರ್‌ನಲ್ಲಿ 'ಟಿಎಂಎಸ್' ಆಯ್ಕೆ ತಿರುಗಿಸಿದರೆ ಮುಗಿಯಿತು.

ಸಮುದ್ರದಲ್ಲಿರುವ ಮರಗಳ ವಿಷಯಕ್ಕೆ ಬರೋಣ. ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಬೂದು ಮ್ಯಾಪ್ ನೋಡಿದವರಿಗೆ ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತದೆ, ತಪ್ಪು ಜಾಗದ ಮರ ನೋಡಿದವರಿಗೆ ಗೊತ್ತಾಗುವುದೇ ಇಲ್ಲ. ಯಾವ ಸಮುದ್ರ ಅಂತ ನೀವು ಬರೆದಿಲ್ಲ. ಅದೇ ಮುಖ್ಯ. ತಪ್ಪಿನ ಬಗೆ ಯಾವುದು ಅಂತ ಆ ಸಮುದ್ರವೇ ಹೇಳುತ್ತದೆ.

ಮರಗಳು ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ ಒಂದೇ ಚುಕ್ಕೆಯಾಗಿ ಗುಂಪು ಸೇರಿವೆಯಾ? ಅದು ಅಕ್ಷಾಂಶ 0, ರೇಖಾಂಶ 0. ಮ್ಯಾಪ್ ಕೆಲಸದವರು ಅದನ್ನು 'ನಲ್ ಐಲ್ಯಾಂಡ್' ಅಂತ ಕರೆಯುತ್ತಾರೆ, ಆದರೆ ಅಲ್ಲಿ ಯಾವ ದ್ವೀಪವೂ ಇಲ್ಲ, ಬರೀ ನೀರು. ಹಾಳೆಯಲ್ಲಿ ಖಾಲಿ ಬಿಟ್ಟ ಕೋಶಗಳು ಅಲ್ಲಿಗೆ ಹೋಗುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಪಠ್ಯವನ್ನು 'ನಂಬರ್' ಫಂಕ್ಷನ್‌ಗೆ ಕೊಟ್ಟರೆ ಸೊನ್ನೆ ಬರುತ್ತದೆ. ಅದೇ 'ಪಾರ್ಸ್‌ಫ್ಲೋಟ್'ಗೆ ಕೊಟ್ಟರೆ ಇದು ಸಂಖ್ಯೆ ಅಲ್ಲ ಅನ್ನುವ ಉತ್ತರ ಬರುತ್ತದೆ, ಲೀಫ್‌ಲೆಟ್ ಕೂಡಲೇ ದೋಷ ತೋರಿಸಿ ನಿಲ್ಲುತ್ತದೆ. ನನ್ನ ಮಟ್ಟಿಗೆ ನಿಲ್ಲುವುದೇ ಒಳ್ಳೆಯದು. ಸುಮ್ನೆ ಸೊನ್ನೆ ಹಾಕಿಕೊಂಡು ಮುಂದೆ ಹೋಗುವ ಕೋಡ್ ನಿಮಗೆ ಸುಳ್ಳು ಹೇಳುತ್ತಿದೆ.

ಮರಗಳು ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ದ್ವೀಪಗಳ ದಕ್ಷಿಣದ ತಣ್ಣನೆಯ ಸಮುದ್ರದಲ್ಲಿ ಇವೆಯಾ? ಹಾಗಾದರೆ 15 ಮತ್ತು 75 ಅದಲುಬದಲಾಗಿದೆ. ಇದು ಎಲ್ಲಕ್ಕಿಂತ ಸಾಮಾನ್ಯ ತಪ್ಪು, ಮಾಡಿದವರನ್ನು ದೂರುವ ಹಾಗೂ ಇಲ್ಲ. ಲೀಫ್‌ಲೆಟ್‌ಗೆ ಅಕ್ಷಾಂಶ ಮೊದಲು ಬೇಕು. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು. 2016ರಲ್ಲಿ ಬಂದ ಆರ್‌ಎಫ್‌ಸಿ 7946 ಅನ್ನುವ ಅದರ ನಿಯಮ ಪುಸ್ತಕದಲ್ಲೇ ಹಾಗಿದೆ. ಮ್ಯಾಪ್‌ಲಿಬ್ರೆ ಅನ್ನುವ ಇನ್ನೊಂದು ಮ್ಯಾಪ್ ಲೈಬ್ರರಿಗೂ ರೇಖಾಂಶವೇ ಮೊದಲು. ಆದರೆ ಕೆಲವು ಮರ ಮಾತ್ರ ಅಲ್ಲಿದ್ದು ಉಳಿದವು ಸರಿ ಇದ್ದರೆ ಕೋಡ್ ಮುಟ್ಟಬೇಡಿ. ಕೋಡ್ ತಪ್ಪಿದ್ದರೆ ಎಲ್ಲ ಮರವೂ ಹೋಗಬೇಕಿತ್ತು ಅಲ್ವಾ? ಸರ್ವೆಗೆ ಹೋದವರಲ್ಲಿ ಒಬ್ಬರು ಎರಡು ಕಾಲಂ ತಿರುಗಿಸಿ ಬರೆದಿದ್ದಾರೆ. ಹಾಳೆಯಲ್ಲಿ ಅಕ್ಷಾಂಶದ ಕಾಲಂ ಪ್ರಕಾರ ಸಾಲುಗಳನ್ನು ಜೋಡಿಸಿ, ಆ ಸಾಲುಗಳೆಲ್ಲ ಒಟ್ಟಿಗೆ ಕೊನೆಗೆ ಬಂದು ನಿಲ್ಲುತ್ತವೆ.

ಕೆಲವೊಮ್ಮೆ ಮರಗಳು ಎಲ್ಲೂ ಕಾಣುವುದಿಲ್ಲ, ದೋಷವೂ ಇಲ್ಲ. ಆಗ ಫೈಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಸಾಕ್ಷಿ ಮರದ ಅಂಕಿ ನೋಡಿ. 75, 15 ಇರಬೇಕಾದ ಕಡೆ 8348961, 1689200 ಅಂತ ಇದ್ದರೆ ಅದು ಡಿಗ್ರಿ ಅಲ್ಲ, ಮೀಟರ್. ವೆಬ್ ಮ್ಯಾಪ್‌ಗಳು ತಮ್ಮ ಟೈಲ್‌ಗೆ ಬಳಸುವ ಅಳತೆ ಅದು, ಸಂಖ್ಯೆ ಇಪಿಎಸ್‌ಜಿ 3857. ಜಿಯೋಜೇಸನ್‌ಗೆ ಬೇಕಾದದ್ದು ಡಿಗ್ರಿಯಲ್ಲಿ ಇರುವ ಡಬ್ಲ್ಯೂಜಿಎಸ್ 84, ಅಂದರೆ ಇಪಿಎಸ್‌ಜಿ 4326. ಇಲ್ಲಿ ಕ್ಯೂಜಿಐಎಸ್‌ನಲ್ಲಿ ತುಂಬಾ ಜನ ಎಡವುತ್ತಾರೆ. 'ಸೆಟ್ ಲೇಯರ್ ಸಿಆರ್‌ಎಸ್' ಒತ್ತಿದರೆ ಅಂಕಿಗಳು ಬದಲಾಗುವುದಿಲ್ಲ, ಅವುಗಳ ಮೇಲಿನ ಚೀಟಿ ಮಾತ್ರ ಬದಲಾಗುತ್ತದೆ. ಸಕ್ಕರೆ ಡಬ್ಬಕ್ಕೆ ಉಪ್ಪು ಅಂತ ಚೀಟಿ ಅಂಟಿಸಿದ ಹಾಗೆ. ನಿಜವಾಗಿ ಬದಲಾಗಬೇಕಾದರೆ ಲೇಯರ್ ಅನ್ನು 'ಎಕ್ಸ್‌ಪೋರ್ಟ್' ಮಾಡಿ, ಅಲ್ಲಿ 4326 ಆರಿಸಬೇಕು.

ಸಮುದ್ರಕ್ಕೆ ಹೋದ ಮರಗಳಿಗಿಂತ ನನಗೆ ಹೆದರಿಕೆ ಆಗುವುದು ನೆಲದ ಮೇಲೇ ಇದ್ದು ತಪ್ಪಾಗಿರುವ ಮರಗಳ ಬಗ್ಗೆ. ಒಮ್ಮೆ ನನ್ನ ಕೈಗೆ ಬಾವಿಗಳ ಒಂದು ಪಟ್ಟಿ ಬಂದಿತ್ತು. ಎಲ್ಲ ಬಾವಿಯೂ ನೆಲದ ಮೇಲೆ, ನೋಡಲು ಏನೂ ಅನುಮಾನವಿಲ್ಲ. ಆದರೆ ನನಗೆ ಗೊತ್ತಿದ್ದ ಒಂದು ಬಾವಿ ಸುಮಾರು 22 ಕಿಲೋಮೀಟರ್ ದಕ್ಷಿಣಕ್ಕೆ ಇತ್ತು. ಇನ್ನೊಂದು ಬರೀ ನಾಲ್ಕು ಕಿಲೋಮೀಟರ್ ಆಚೆ. ಎಲ್ಲವೂ ಒಂದೇ ದೂರ ಜಾರಿದ್ದರೆ ಪ್ರೊಜೆಕ್ಷನ್ (ಮ್ಯಾಪ್‌ನ ಅಳತೆ ಪದ್ಧತಿ) ತಪ್ಪು ಅನ್ನಬಹುದಿತ್ತು. ಒಂದೊಂದು ಒಂದೊಂದು ದೂರ. ಎರಡು ದಿನ ಹುಡುಕಿದೆ. ಕೊನೆಗೆ ಅಕ್ಷಾಂಶದ ಕಾಲಂ ಮೇಲಿನಿಂದ ಕೆಳಗೆ ಓದಿಕೊಂಡು ಹೋದಾಗ ಕಂಡಿತು: ಚುಕ್ಕೆಯ ನಂತರದ ಎರಡು ಅಂಕಿ ಎಲ್ಲೂ 59 ದಾಟಿಲ್ಲ. ಅವು ದಶಮಾಂಶ ಅಲ್ಲ, ನಿಮಿಷ! 15 ಡಿಗ್ರಿ 30 ನಿಮಿಷವನ್ನು ಯಾರೋ 15.30 ಅಂತ ಬರೆದಿದ್ದರು. ಅದು 15.5 ಆಗಬೇಕು. 30 ಅನ್ನು 60ರಿಂದ ಭಾಗಿಸಿದರೆ 0.5, ಅಷ್ಟೇ ಲೆಕ್ಕ. ಈ 0.2 ಡಿಗ್ರಿಯ ವ್ಯತ್ಯಾಸವೇ ಆ 22 ಕಿಲೋಮೀಟರ್. ನಿಮ್ಮ 6,000 ಸಾಲುಗಳಲ್ಲೂ ಈ ಪರೀಕ್ಷೆ ಮಾಡಿ. ಹಾಗೇ, ಮರಗಳು ಚದುರಂಗದ ಮಣೆಯ ಹಾಗೆ ಸಾಲಾಗಿ ನಿಂತಿದ್ದರೆ ಎಕ್ಸೆಲ್ ಅಂಕಿಗಳನ್ನು ಎರಡು ದಶಮಾಂಶಕ್ಕೆ ಕತ್ತರಿಸಿದೆ ಅಂತ ತಿಳಿಯಿರಿ. 0.01 ಡಿಗ್ರಿ ಅಂದರೆ ಸುಮಾರು 1.1 ಕಿಲೋಮೀಟರ್. ಒಂದು ಮರಕ್ಕೆ ಐದು ದಶಮಾಂಶ ಬೇಕು, ಆಗ ಸುಮಾರು ಒಂದು ಮೀಟರ್ ನಿಖರತೆ ಸಿಗುತ್ತದೆ. ಆರು ಇದ್ದರೆ 10 ಸೆಂಟಿಮೀಟರ್. ಅದಕ್ಕಿಂತ ಜಾಸ್ತಿ ಅಂಕಿ ಇಟ್ಟರೆ ಫೈಲ್ ದಪ್ಪವಾಗುತ್ತದೆಯೇ ಹೊರತು ಮರದ ಜಾಗ ಇನ್ನಷ್ಟು ಖಚಿತವಾಗುವುದಿಲ್ಲ. ಫೋನ್‌ನ ಜಿಪಿಎಸ್‌ಗೆ ಅಷ್ಟು ಗೊತ್ತೂ ಇರುವುದಿಲ್ಲ.

ಸರ್ವರ್‌ನಲ್ಲಿ ಮರಗಳೇ ಬಾರದಿದ್ದರೆ ಫೈಲ್ ಹೆಸರು ನೋಡಿ. ವಿಂಡೋಸ್‌ಗೆ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಕೆಲವು ಸರ್ವರ್‌ಗಳಿಗೆ ಜಿಯೋಜೇಸನ್ ಅನ್ನುವ ಬಾಲವೇ ಗೊತ್ತಿರುವುದಿಲ್ಲ, ಫೈಲ್ ಇದ್ದರೂ 404 ಕೊಡುತ್ತವೆ. ಬಾಲವನ್ನು ಬರೀ ಜೇಸನ್ ಅಂತ ಬದಲಾಯಿಸಿ ನೋಡಿ.

ಫೋನ್‌ನ 'ನಾನಿರುವ ಜಾಗ' ಬಟನ್ ಬಹುಶಃ ಐದು ನಿಮಿಷದ ಕೆಲಸ. ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗುತ್ತದಾ? ಇಲ್ಲದಿದ್ದರೆ ಬ್ರೌಸರ್ ಸ್ಥಳ ಕೊಡುವುದಿಲ್ಲ. ಕ್ರೋಮ್ 2016ರಿಂದಲೇ ಹೀಗೆ. ಲ್ಯಾಪ್‌ಟಾಪ್‌ನಲ್ಲಿ ಈ ಬಟನ್ ಕೆಲಸ ಮಾಡಿದ್ದರೆ, ಅದು ಲೋಕಲ್‌ಹೋಸ್ಟ್‌ಗೆ, ಅಂದರೆ ನಿಮ್ಮದೇ ಯಂತ್ರದಲ್ಲಿ ಓಡುವ ಪುಟಕ್ಕೆ, ವಿನಾಯಿತಿ ಇರುವುದರಿಂದ. ಆದರೆ ಒಂದು ಎಚ್ಚರಿಕೆ: ಸೈಟ್ ಅನ್ನು ಎಚ್‌ಟಿಟಿಪಿಎಸ್‌ಗೆ ಬದಲಾಯಿಸಿದ ಮೇಲೆ ಟೈಲ್ ಮತ್ತು ಡೇಟಾದ ವಿಳಾಸಗಳೂ ಎಚ್‌ಟಿಟಿಪಿಎಸ್ ಆಗಬೇಕು. ಇಲ್ಲದಿದ್ದರೆ ಬ್ರೌಸರ್ ಅವುಗಳನ್ನು ತಡೆಯುತ್ತದೆ. ಒಮ್ಮೆ 'ಬೇಡ' ಒತ್ತಿದ ಫೋನ್ ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ, ಸೈಟ್ ಸೆಟ್ಟಿಂಗ್‌ಗೆ ಹೋಗಿ ಅನುಮತಿ ಬದಲಾಯಿಸಬೇಕು. ಮ್ಯಾಪ್ ಬೇರೆ ಪುಟದೊಳಗೆ ಐಫ್ರೇಮ್ ಆಗಿ ಕೂತಿದ್ದರೆ ಆ ಐಫ್ರೇಮ್‌ಗೂ ಜಿಯೋಲೊಕೇಶನ್ ಅನುಮತಿ ಕೊಡಬೇಕು.

ಕನ್ನಡ ಹೆಸರುಗಳಿಗೆ ಆದದ್ದು ನನಗೆ ಬೇಸರ ತಂದಿತು, ಯಾಕೆಂದರೆ ಮರದ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡು ಬರುವ ಶ್ರಮ ಸಣ್ಣದಲ್ಲ. ಎಡವಟ್ಟು ಎರಡು ಬಗೆ. ಅಕ್ಷರದ ಬದಲು ಮೇಲೆ ಓರೆ ಗೆರೆ ಇರುವ ಲ್ಯಾಟಿನ್ ಎ ಮತ್ತೆ ಮತ್ತೆ ಕಾಣುತ್ತಿದ್ದರೆ ಡೇಟಾ ಸುರಕ್ಷಿತ, ಓದುವ ಪದ್ಧತಿ ಮಾತ್ರ ತಪ್ಪು. ಕ್ಯೂಜಿಐಎಸ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಅಂಕಿಯಾಗಿ ಇಡುವ ಪದ್ಧತಿ) ಅನ್ನು ಯುಟಿಎಫ್-8 ಮಾಡಿದರೆ ಹೆಸರು ವಾಪಸ್ ಬರುತ್ತದೆ. ನಿಮ್ಮ ಹಾಗೆ ಬರೀ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಆ ಫೈಲ್ ಒಳಗೇ ಅಕ್ಷರ ಹೋಗಿದೆ. ಎಕ್ಸೆಲ್‌ನಿಂದ ಸಾದಾ ಸಿಎಸ್‌ವಿ ಆಗಿ ಉಳಿಸಿದಾಗ ಹೀಗಾಗುತ್ತದೆ. ಮೂಲ ಎಕ್ಸೆಲ್ ಹಾಳೆ ಇದೆಯಲ್ಲ, ಅದರಿಂದ 'ಸಿಎಸ್‌ವಿ ಯುಟಿಎಫ್-8' ಆರಿಸಿ ಮತ್ತೊಮ್ಮೆ ಉಳಿಸಿ.

ಮ್ಯಾಪ್ ಡೇಟಾ ಉಳಿಸಲು ಶೇಪ್‌ಫೈಲ್ ಅನ್ನುವ ಹಳೆಯ ಫೈಲ್ ಬಗೆಯನ್ನು ಮಾತ್ರ ಬಳಸಬೇಡಿ. ಅದರಲ್ಲಿ ಕಾಲಂ ಹೆಸರಿಗೆ ಜಾಗ 10 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್, ಕೊಂಬು ಇಳಿಗೂ ಬೇರೆ ಮೂರು. 'ಮರದ ಹೆಸರು' ಅನ್ನುವುದರಲ್ಲಿ 'ಮರದ' ಬರುವಷ್ಟರಲ್ಲಿ ಜಾಗ ಮುಗಿಯಿತು. ಜಿಯೋಪ್ಯಾಕೇಜ್ ಬಳಸಿ, ಈ ಇಕ್ಕಟ್ಟಿಲ್ಲ. ಮುಂದೆ ವೆಕ್ಟರ್ ಟೈಲ್ (ಚಿತ್ರದ ಬದಲು ಡೇಟಾ ಕಳಿಸಿ ಬ್ರೌಸರ್‌ನಲ್ಲೇ ಮ್ಯಾಪ್ ಬರೆಸುವ ಟೈಲ್) ಕಡೆ ಹೋಗುವ ಆಸೆ ಇದ್ದರೆ ಒತ್ತಕ್ಷರ ಇರುವ ಹೆಸರು ಹಾಕಿ ಮೊದಲು ಪರೀಕ್ಷಿಸಿ. ಆ ಲೈಬ್ರರಿಗಳು ಅಕ್ಷರಗಳನ್ನು ತಾವೇ ಒಂದೊಂದಾಗಿ ಜೋಡಿಸಿ ಬರೆಯುವುದರಿಂದ 'ಅತ್ತಿ', 'ಬನ್ನಿ' ಒಡೆದು ಬರುವುದುಂಟು. ಲೀಫ್‌ಲೆಟ್‌ನ ಪಾಪ್‌ಅಪ್‌ನಲ್ಲಿ ಬ್ರೌಸರೇ ಅಕ್ಷರ ಬರೆಯುತ್ತದೆ, ಅಲ್ಲಿ ಆ ತೊಂದರೆ ಇಲ್ಲ.

6,000 ಮರಕ್ಕೆ ಮ್ಯಾಪ್ ನಿಧಾನವಾದರೆ ಪಿನ್ ಬಿಟ್ಟು 'ಸರ್ಕಲ್ ಮಾರ್ಕರ್' ಬಳಸಿ, 'ಪ್ರಿಫರ್ ಕ್ಯಾನ್ವಾಸ್' ಆನ್ ಮಾಡಿ. ಪಿನ್ ಒಂದೊಂದೂ ಪುಟದ ಮೇಲಿನ ಒಂದೊಂದು ಚಿತ್ರ, ಫೋನ್ ಸುಸ್ತಾಗುತ್ತದೆ. ಕ್ಯಾನ್ವಾಸ್‌ನಲ್ಲಿ ಎಲ್ಲ ಚುಕ್ಕೆಯೂ ಒಂದೇ ಹಾಳೆಯ ಮೇಲೆ.

ಇಷ್ಟಾದ ಮೇಲೂ ಸೊನ್ನೆ ಸೊನ್ನೆಗೆ ಹೋದ ಮರಗಳು ಉಳಿಯುತ್ತವೆ. ಅವುಗಳಿಗೆ ಊಹೆಯ ಜಾಗ ಕೊಡಬೇಡಿ, ಮ್ಯಾಪ್‌ನಿಂದ ಸದ್ಯಕ್ಕೆ ತೆಗೆಯಿರಿ. ಅವುಗಳ ಕ್ರಮಸಂಖ್ಯೆಯ ಪಟ್ಟಿ ಮಾಡಿ, ಯಾರು ಸರ್ವೆ ಮಾಡಿದ್ದರೋ ಅವರಿಗೆ ಕೊಡಿ. ಅವರು ಮರದ ಫೋಟೋ ತೆಗೆದಿದ್ದರೆ, ಆಗ ಕ್ಯಾಮೆರಾದಲ್ಲಿ ಸ್ಥಳದ ಅನುಮತಿ ಆನ್ ಇದ್ದಿದ್ದರೆ, ಅಕ್ಷಾಂಶ ರೇಖಾಂಶ ಆ ಫೋಟೋ ಫೈಲ್ ಒಳಗೇ ಇರುತ್ತದೆ. ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿದರೆ ಸಾಮಾನ್ಯವಾಗಿ ಆ ಮಾಹಿತಿ ಅಳಿಸಿಹೋಗುತ್ತದೆ. ಹಾಗಾಗಿ ಫೋನ್‌ನಲ್ಲಿರುವ ಮೂಲ ಫೋಟೋವನ್ನೇ ಕೇಳಿ ತೆಗೆದುಕೊಳ್ಳಿ.